ಮನಸ್ಸು ಕೇಳುವ ಮನೆ

ಬೆಳಗ್ಗೆ ಏಳು ಗಂಟೆ ಆಗುವಷ್ಟರಲ್ಲಿ ತೋಟಪ್ಪನ ಮನೆಯ ಜಗಲಿಯ ಮೇಲೆ ಇಬ್ಬರೋ ಮೂವರೋ ಬಂದು ಕೂತಿರುತ್ತಿದ್ದರು. ಒಬ್ಬ ಬೋರ್‌ವೆಲ್ ಕೊರೆಸಬೇಕೆಂದಿರುವವನು, ಒಬ್ಬಳು ಬಾಣಂತಿ ಮಗಳನ್ನು ಗಂಡನ ಮನೆಗೆ ಕಳಿಸಬೇಕಾದವಳು, ಇನ್ನೊಬ್ಬ ಹಸು ಮಾರಲೋ ಬೇಡವೋ ಎಂದು ವಾರದಿಂದ ಒದ್ದಾಡುತ್ತಿರುವವನು. ಕುಂದೂರಿನ ಸುತ್ತಲಿನ ಹತ್ತು ಹಳ್ಳಿಗೆ ಇದು ರೂಢಿಯಾಗಿಬಿಟ್ಟಿತ್ತು. ಯಾವ ಕೆಲಸಕ್ಕೆ ಕೈ ಹಾಕುವ ಮುಂಚೆಯೂ ಜನ ‘ಅಮ್ಮಾರ ಮನಸ್ಸು ಕೇಳ್ಕೊಂಡ್ ಬತ್ತೀನಿ’ ಎಂದು ಈ ಮನೆಯ ಕಡೆ ಹೊರಡುತ್ತಿದ್ದರು.

ತೋಟಪ್ಪನ ಹೆಂಡತಿ ನಾಗರತ್ನಮ್ಮ ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸುತ್ತ ಹೊರಗೆ ಬರುತ್ತಿದ್ದಳು. ಐವತ್ತೆಂಟು ವರ್ಷದ ತೆಳ್ಳನೆಯ ಹೆಂಗಸು. ಎರಡು ಮೂರು ವರ್ಷದಿಂದ ಇನ್ನೂ ಸೊರಗಿ, ಕಣ್ಣುಗಳು ಮಾತ್ರ ಮುಂದಕ್ಕೆ ಬಂದಂತೆ ಕಾಣುತ್ತಿದ್ದವು. ಬಂದವರು ಹೇಳುವುದನ್ನು ಕೇಳಿಸಿಕೊಂಡು, ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ನಿಲ್ಲುವಳು. ಎದೆ ಡವಡವ ಹೊಡೆದುಕೊಂಡರೆ ‘ಯಾಕೋ ಬ್ಯಾಡ ಅನ್ಸುತ್ತೆ ಕಣಪ್ಪ’ ಎನ್ನುವಳು. ಸುಮ್ಮನಿದ್ದರೆ ‘ಹೋಗ್ಬಾ’ ಎನ್ನುವಳು. ಸುಮ್ಮನಿರುವ ದಿನಗಳು ಬಹಳ ಕಡಿಮೆ. ಹಾಗೆ ನಿಂತಾಗ ಅವಳ ಬೆರಳುಗಳು ನಡುಗುತ್ತಿದ್ದವು. ಚಳಿಗಾಲದ ಮುಂಜಾನೆಯಲ್ಲೂ ಹಣೆ ಬೆವರುತ್ತಿತ್ತು. ಅದನ್ನು ನೋಡಿ ಜನ ಕೈಮುಗಿಯುತ್ತಿದ್ದರು.

ಇದು ಶುರುವಾಗಿದ್ದು ಎಂಟು ವರ್ಷದ ಹಿಂದೆ. ಅವಳ ಮೈದುನ ಮಂಜುನಾಥ್ ಒಂದು ಬೆಳಗ್ಗೆ ಬೈಕಿನಲ್ಲಿ ಬಾಳ್ಳುಪೇಟೆಗೆ ಹೊರಟಿದ್ದ. ‘ಇವತ್ತು ಬ್ಯಾಡ ಕಣೋ, ಎದೆ ಯಾಕೋ ಭಾರ ಆಗ್ತೈತೆ’ ಎಂದಳು ಅತ್ತಿಗೆ. ಅವನು ನಕ್ಕು ಹೋದ. ಹೆದ್ದಾರಿಗೆ ಸೇರುವಲ್ಲಿ ಲಾರಿ ಬಡಿಯಿತು. ಹೆಣ ಮನೆಗೆ ಬಂದ ದಿನವೇ ತೋಟಪ್ಪ ಎಲ್ಲರ ಎದುರು ಹೇಳಿದ: “ಇವಳು ಹೇಳಿದ್ಲು. ಬ್ಯಾಡ ಅಂತ ಬಾಯ್ಬಿಟ್ಟು ಹೇಳಿದ್ಲು.” ತಮ್ಮನನ್ನು ಕಳೆದುಕೊಂಡವನಿಗೆ ಆ ಸಾವಿಗೆ ಏನಾದರೂ ಅರ್ಥ ಬೇಕಾಗಿತ್ತು. ಸಿಕ್ಕ ಅರ್ಥವನ್ನು ಅವನು ಮತ್ತೆ ಕೈಬಿಡಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ನಾಗರತ್ನಮ್ಮನ ಎದೆಯನ್ನು ಕೇಳದೆ ಬೀಜ ಬೀಳುತ್ತಿರಲಿಲ್ಲ, ಯಾರೂ ಬಸ್ಸು ಹತ್ತುತ್ತಿರಲಿಲ್ಲ. ಅವಳಿಗೂ ಅದು ನಿಜವೆಂದೇ ತೋರಿತ್ತು. ಆದರೆ ಅದರಿಂದ ಅವಳಿಗೆ ಸುಖವಿರಲಿಲ್ಲ. ಮಗ ಪ್ರತಾಪ್ ಆಲೂರಿನ ಕೆಲಸಕ್ಕೆ ಹೊರಟ ಮೇಲೆ ಸಂಜೆ ಅವನ ಗಾಡಿಯ ಸದ್ದು ಕೇಳುವ ತನಕ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ನಾಯಿ ಬೊಗಳಿದರೆ ಎದೆ ಹೊಡೆದುಕೊಳ್ಳುವುದು. ಫೋನು ಬಡಿದುಕೊಂಡರೆ ಕಾಲಿನ ಶಕ್ತಿ ಹೋಗುವುದು. ಮುಂದೆ ಆಗುವುದು ತಿಳಿಯುತ್ತದೆ ಎಂದು ನಂಬಿದವಳಿಗೆ ಪ್ರತಿ ಗಳಿಗೆಯೂ ಏನೋ ಆಗಲಿರುವ ಗಳಿಗೆಯೇ.

ಈ ರೂಢಿಯ ಪೆಟ್ಟು ಮೊದಲು ಬಿದ್ದದ್ದು ಸೊಸೆ ಮಾನಸಳಿಗೆ. ಅವಳು ಕುಂದೂರಿನ ಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ಹೋದ ವರ್ಷ ಅರಸೀಕೆರೆಯಲ್ಲಿ ಅವಳ ತಂದೆಗೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂದಾಗ ಬ್ಯಾಗು ತುಂಬಿಕೊಂಡು ಹೊರಟಿದ್ದಳು. ನಾಗರತ್ನಮ್ಮನ ಎದೆ ಭಾರವಾಯಿತು. ‘ನಾಳೆ ಹೋಗವ್ವ, ಇವತ್ತು ದಾರಿ ಒಳ್ಳೇದಲ್ಲ’ ಎಂದು ತೋಟಪ್ಪ ಬ್ಯಾಗನ್ನು ಒಳಗಿಟ್ಟ. ಮಾರನೆಯ ಬೆಳಗ್ಗೆ ಫೋನು ಬಂತು. ತಂದೆ ಕಡೆಯ ತನಕ ಬಾಗಿಲ ಕಡೆ ನೋಡುತ್ತಿದ್ದರಂತೆ. “ನೀನು ಹೋಗಿದ್ರೆ ದಾರೀಲಿ ನಿಂಗೇ ಏನಾದ್ರೂ ಆಗಿರೋದು. ಅತ್ತೆ ಉಳಿಸಿದ್ಲು ಅನ್ಕೊ” ಎಂದ ಮಾವ. ಮಾನಸ ಒಳಗಿಟ್ಟಿದ್ದ ಬ್ಯಾಗನ್ನು ತಾನೇ ಎತ್ತಿಕೊಂಡು ಹೊರಟಳು. ಆಗದೇ ಹೋದ ಅಪಘಾತವನ್ನು ಸುಳ್ಳೆಂದು ತೋರಿಸುವುದು ಹೇಗೆ?

ಆದರೂ ಅವಳು ಅತ್ತೆಯನ್ನು ದ್ವೇಷಿಸಲಿಲ್ಲ. ಅತ್ತೆಯ ನಡುಗುವ ಕೈ, ಕುತ್ತಿಗೆಯ ಬುಡದ ಸಣ್ಣ ಊತ, ಎರಡು ವರ್ಷದಲ್ಲಿ ಇಳಿದುಹೋದ ಮೈ ಇವನ್ನೆಲ್ಲ ನೋಡುತ್ತಲೇ ಇದ್ದಳು. ಡಿಸೆಂಬರ್ ಕೊನೆಯಲ್ಲಿ, ಕಣ್ಣು ತೋರಿಸಿಕೊಂಡು ಬರುತ್ತೇವೆಂದು ಮಾವನಿಗೆ ಹೇಳಿ, ಅತ್ತೆಯನ್ನು ಹಾಸನಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು.

“ಥೈರಾಯ್ಡ್ ಜಾಸ್ತಿ ಆಗಿದೆ ಕಣಮ್ಮ” ಎಂದರು. “ಅದಕ್ಕೇ ಎದೆ ಹೊಡೆದುಕೊಳ್ಳೋದು, ಕೈ ನಡುಗೋದು, ಬೆವರೋದು, ಸುಮ್ಮಸುಮ್ಮನೆ ಗಾಬರಿಯಾಗೋದು. ಎರಡು ಥರ ಮಾತ್ರೆ ಕೊಡ್ತೀನಿ. ಎದೆಬಡಿತ ಒಂದೆರಡು ದಿನಕ್ಕೇ ಇಳಿಯುತ್ತೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ನಾಗರತ್ನಮ್ಮ ಮಾತ್ರೆಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಲೂರು ದಾಟಿದ ಮೇಲೆ, “ನಿಮ್ಮ ಮಾವನಿಗೆ ಹೇಳಬ್ಯಾಡ. ಮಾತ್ರೆ ನುಂಗಿದ್ರೆ ಮನಸ್ಸು ಕೆಟ್ಟೋಯ್ತದೆ ಅಂತಾರೆ” ಎಂದಳು.

“ಹೇಳಲ್ಲ ಅತ್ತೆ. ಆದ್ರೆ ನೀವು ತಪ್ಪದೆ ತಗೊಬೇಕು.”

ಭಾನುವಾರ ಮೊದಲ ಮಾತ್ರೆ ನುಂಗಿದಳು. ಗುರುವಾರ ಬೆಳಗ್ಗೆ ಎದ್ದಾಗ ಎದೆಯಲ್ಲಿ ಏನೂ ಇರಲಿಲ್ಲ. ಹಿತ್ತಲಿನಲ್ಲಿ ಮುಖ ತೊಳೆಯುತ್ತ, ಹಕ್ಕಿ ಕೂಗುವುದು ಕೇಳಿ, ಬೇರೆ ಏನನ್ನೂ ನೆನೆಯದೆ ನಿಂತಳು. ಎಷ್ಟೋ ಕಾಲದಿಂದ ತಲೆಯ ಮೇಲೆ ಹೊತ್ತಿದ್ದ ಹೊರೆಯನ್ನು ಯಾರೋ ಇಳಿಸಿಕೊಂಡಂತಿತ್ತು.

ಎಂಟು ಗಂಟೆಗೆ ಕಲೀಮುಲ್ಲಾನ ಜೀಪು ಅಂಗಳಕ್ಕೆ ಬಂತು. ಅವನು ಬಾಳ್ಳುಪೇಟೆಯವನು. ಕಾಫಿ ಹಣ್ಣು ಕೊಯ್ಯುವ ಆಳುಗಳನ್ನು ದಿನಾ ರಾಜಶೇಖರನ ಎಸ್ಟೇಟಿಗೆ ಕರೆತರುವುದು ಅವನ ಕೆಲಸ. ಹಿಂದಿನ ಸೀಟಿನ ತುಂಬ ಹೆಂಗಸರಿದ್ದರು. ಮುಂದೆ ರಾಜಶೇಖರ ಇದ್ದ, ಅವನ ಪಕ್ಕದಲ್ಲಿ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲೇ ಇರುವ ಹಳೆಯ ಆಳು ಕರಿಯಪ್ಪ.

“ನಾಗರತ್ನಕ್ಕ, ಹಳ್ಳದ ಬದಿ ತೋಟದಲ್ಲಿ ಹಣ್ಣೆಲ್ಲ ಒಣಗಿ ಉದುರ್ತಾ ಐತೆ” ಎಂದ ರಾಜಶೇಖರ. “ಇವರು ನೋಡಿದ್ರೆ ಆನೆ ಐತೆ ಅಂತ ಇಳಿಯೋಕೆ ಒಲ್ಲರು. ನೀನೊಂದು ಮಾತು ಹೇಳ್ಬುಡು.”

ಕರಿಯಪ್ಪ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದ. ಎರಡು ವರ್ಷದ ಹಿಂದೆ ಪಕ್ಕದ ತೋಟದಲ್ಲಿ ಆನೆ ತುಳಿತಕ್ಕೆ ಸಿಕ್ಕವನನ್ನು ಹೊತ್ತು ತಂದವರಲ್ಲಿ ಅವನೂ ಒಬ್ಬ. ಅಂದಿನಿಂದ ಒಣ ಎಲೆ ಸದ್ದಾದರೂ ಬೆಚ್ಚುತ್ತಿದ್ದ.

“ಅಮ್ಮಾರೆ, ಸಾವ್ಕಾರ್ರು ಹೇಳಿದ್ರೆ ಹೋಗಕಿಲ್ಲ ಅಂದೆ. ನೀವು ಹೋಗು ಅಂದ್ರೆ ಹೋಯ್ತೀನಿ” ಎಂದ.

ಮಾನಸ ಶಾಲೆಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕೈಯಲ್ಲಿನ ಫೋನು ನೋಡಿ ಅಲ್ಲೇ ನಿಂತಳು.

“ಮಾವ, ಅರಣ್ಯ ಇಲಾಖೆಯಿಂದ ಮೆಸೇಜ್ ಬಂದಿದೆ. ಐದು ಆನೆ ಹಳ್ಳದ ಬದಿಯಲ್ಲೇ ಇದಾವಂತೆ, ಯಾರೂ ಆ ಕಡೆ ಹೋಗಬಾರದು ಅಂತ ಹಾಕಿದಾರೆ.”

“ದಿನಾ ಹಂಗೇ ಬರುತ್ತೆ ಬಿಡವ್ವ” ಎಂದ ರಾಜಶೇಖರ. “ಮೊನ್ನೆ ನಮ್ಮ ಸ್ಟೋರ್ ಹತ್ರ ಐತೆ ಅಂತ ಬಂತು. ಹೋಗಿ ನೋಡಿದ್ರೆ ಒಂದು ಲದ್ದಿನೂ ಇಲ್ಲ.”

“ಆನೆ ಒಂದೇ ಕಡೆ ನಿಲ್ಲುತ್ತಾ ಅಂಕಲ್? ಅವರು ಹೆಜ್ಜೆ ನೋಡ್ಕೊಂಡು, ಹಿಂದೆ ಹಿಂದೆ ನಡೆದು ಹೇಳ್ತಾರೆ. ಮನೇಲಿ ಕೂತಿರೋರಿಗೆ ಹೇಗೆ ಗೊತ್ತಾಗುತ್ತೆ?”

ತೋಟಪ್ಪ ಸೊಸೆಯ ಕಡೆ ತಿರುಗಿದ. “ಫೋನಿಗೆ ಗೊತ್ತಾಗೋದು ನಿಮ್ಮತ್ತೆಗೆ ಗೊತ್ತಾಗಲ್ವಾ? ಮಂಜು ಹೋದ ದಿನ ಯಾವ ಫೋನು ಹೇಳಿತ್ತು? ನೀನು ಸ್ಕೂಲಿಗೆ ಹೋಗು.”

ಎಲ್ಲರೂ ನಾಗರತ್ನಮ್ಮನ ಮುಖ ನೋಡಿದರು. ಅವಳು ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟಳು. ಸೊಸೆಯ ಮಾತು ಕಿವಿಗೆ ಬಿದ್ದಿತ್ತು. ಮಾತ್ರೆಯ ನೆನಪೂ ಒಂದು ಕ್ಷಣ ಬಂತು. ಆದರೆ ಅಂಗೈ ಕೆಳಗೆ ಎದೆ ಎಷ್ಟು ನಿಧಾನವಾಗಿ, ಎಷ್ಟು ಹಿತವಾಗಿ ಬಡಿಯುತ್ತಿತ್ತೆಂದರೆ, ಈ ನೆಮ್ಮದಿ ಬರೀ ಮಾತ್ರೆಯದು ಎಂದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಲೋಕವೇ ತಣ್ಣಗಿದೆ ಎಂದು ನಂಬುವ ಆಸೆಯಾಯಿತು.

“ಮನಸ್ಸು ತಣ್ಣಗೈತೆ ಕಣಪ್ಪ” ಎಂದಳು. “ಏನೂ ಆಗಲ್ಲ. ಹೋಗ್ಬಾ.”

ಕರಿಯಪ್ಪನ ಮುಖ ಅರಳಿತು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಜೀಪು ಹತ್ತಿದ.

ಹನ್ನೊಂದು ಗಂಟೆಯ ಸುಮಾರಿಗೆ ಹಳ್ಳದ ಕಡೆಯಿಂದ ಆನೆ ಓಡಿಸುವ ಪಟಾಕಿಯ ಸದ್ದು ಕೇಳಿತು. ಆಮೇಲೆ ಕೂಗಾಟ. ನಾಗರತ್ನಮ್ಮ ಕಣದಲ್ಲಿ ಹರವಿದ್ದ ಕಾಫಿ ಹಣ್ಣಿನಲ್ಲಿ ಕೈಯಾಡಿಸುತ್ತಿದ್ದಳು. ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಕಲೀಮುಲ್ಲಾ ಓಡಿಬಂದು ನೀರು ಕೇಳಿದ. ಚೊಂಬು ಹಿಡಿದವನು ಕುಡಿಯಲಿಲ್ಲ.

“ಕರಿಯಪ್ಪಣ್ಣ ಹೋಗ್ಬುಟ್ರು ಅಮ್ಮಾ” ಎಂದ. “ಹೆಂಗಸ್ರು ಹೆದರಿ ಮೇಲೇ ನಿಂತಿದ್ರು. ಅಮ್ಮಾರೇ ಹೇಳವ್ರೆ, ಬನ್ರಿ ಅಂತ ಅವರೇ ಮುಂದೆ ಇಳಿದ್ರು. ಆನೆ ಗಿಡದ ಮರೇಲೇ ನಿಂತಿತ್ತು.”

ಸಂಜೆ ಲೈನಿನ ಮುಂದೆ ಹೆಣ ಇಳಿಸಿದಾಗ ಕರಿಯಪ್ಪನ ಸೊಂಟಕ್ಕೆ ಕಟ್ಟಿದ್ದ ಕೊಯ್ಲಿನ ಚೀಲ ಹಾಗೇ ಇತ್ತು. ಅದರ ತಳದಲ್ಲಿ ಒಂದು ಹಿಡಿ ಹಣ್ಣು. ಅವನ ಹೆಂಡತಿ ಮೀನಾಕ್ಷಮ್ಮ ಚೀಲದ ದಾರ ಬಿಚ್ಚಲು ನೋಡುತ್ತಿದ್ದಳು. ಗಂಟು ಬಿಚ್ಚಲು ಬರುತ್ತಿರಲಿಲ್ಲ. ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಬಿಂದುಶ್ರೀ ಬಂದವಳೇ ಅಮ್ಮನ ಕೈ ಹಿಡಿದು, ತಾನೇ ಗಂಟು ಬಿಚ್ಚಿದಳು.

ನಾಗರತ್ನಮ್ಮ ದೂರದಲ್ಲಿ ನಿಂತಿದ್ದಳು. ಯಾರಾದರೂ ಬಂದು ತನ್ನನ್ನು ಹಿಡಿದು ಕೇಳಲಿ, ಬಯ್ಯಲಿ ಎಂದು ಕಾದಳು. ಯಾರೂ ಬಯ್ಯಲಿಲ್ಲ. ಇದ್ದವರು ಎದ್ದು ಅವಳಿಗೆ ಜಾಗ ಬಿಟ್ಟರು.

ಮೂರೇ ದಿನದಲ್ಲಿ ಕಥೆ ಬೇರೆಯಾಯಿತು. ಮೊದಲು ಶುರು ಮಾಡಿದವನು ರಾಜಶೇಖರ. “ಅಕ್ಕ ಹೋಗು ಅಂದಿದ್ದು ನಿಜ. ಹಳ್ಳದ ಅಂಚಿಗೆ ಹೋಗು ಅಂದಿದ್ಲಾ? ಅವನು ಒಂದು ಹೆಜ್ಜೆ ಜಾಸ್ತಿ ಹೋದ.” ತೋಟಪ್ಪ ಇನ್ನೊಂದು ಸೇರಿಸಿದ. “ಹೋಗ್ಬಾ ಅನ್ನೋವಾಗ ಇವಳ ಗಂಟಲು ಕಟ್ಟಿತ್ತು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸ್ಕೊಂಡೆ. ನಾವು ತಿಳ್ಕೊಬೇಕಿತ್ತು, ತಪ್ಪು ನಮ್ದು.” ವಾರ ಕಳೆಯುವಷ್ಟರಲ್ಲಿ, ಅಮ್ಮ ಕರಿಯಪ್ಪನನ್ನು ಕಣ್ಣಲ್ಲಿ ನೀರು ತಂದುಕೊಂಡು ಕಳಿಸಿದರು, ಅವರಿಗೆ ಮೊದಲೇ ಗೊತ್ತಿತ್ತು ಎಂಬ ಮಾತು ಬಾಳ್ಳುಪೇಟೆಯ ಅಂಗಡಿಗಳ ತನಕ ಹೋಯಿತು. ಜಗಲಿಯ ಮೇಲೆ ಕೂರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು.

ನಾಗರತ್ನಮ್ಮನಿಗೆ ಅನ್ನ ಸೇರದಾಯಿತು. ತಾನು ತಪ್ಪು ಹೇಳಿ ಒಬ್ಬ ಸತ್ತರೂ ಈ ಜನ ತನ್ನನ್ನು ತಪ್ಪಾಗಲು ಬಿಡುತ್ತಿಲ್ಲವಲ್ಲ ಎಂದು ಭಯವಾಯಿತು. ಹಾಗಾದರೆ ಇನ್ನೆಷ್ಟು ಜನರನ್ನು ಹೀಗೆ ಕಳಿಸಬೇಕು ತಾನು?

ಒಂದು ಮಧ್ಯಾಹ್ನ ಮಾನಸ ಶಾಲೆಯಿಂದ ಬಂದಾಗ ಅತ್ತೆ ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದಳು.

“ಆವತ್ತು ಎದೆ ತಣ್ಣಗಿದ್ದಿದ್ದು ಇದರಿಂದಾನಾ?”

ಮಾನಸ ಪಕ್ಕದಲ್ಲಿ ಕೂತಳು. “ಹೌದು ಅತ್ತೆ.”

“ಅಂದ್ರೆ ಅಷ್ಟು ದಿನ ಹೊಡ್ಕೊತಿದ್ದುದು?”

“ಇತ್ತೀಚಿನದು ಕಾಯಿಲೆ. ಅದಕ್ಕೆ ಮುಂಚಿನದು ನಿಮ್ಮ ಹೆದರಿಕೆ. ಮನೆಯವರ ಮೇಲೆ ಜೀವ ಇಟ್ಕೊಂಡೋರಿಗೆ ಹೆದರಿಕೆ ಇದ್ದೇ ಇರುತ್ತೆ.”

“ಮಂಜುನ ವಿಷಯ?”

ಮಾನಸ ಮೆತ್ತಗೆ ಕೇಳಿದಳು. “ಅದಕ್ಕೆ ಮುಂಚೆ ಯಾವತ್ತೂ ಅವರಿಗೆ ಹೋಗಬೇಡ ಅಂದಿರ್ಲಿಲ್ವಾ ಅತ್ತೆ?”

ನಾಗರತ್ನಮ್ಮ ಒಲೆಯ ಕಡೆ ನೋಡಿದಳು. ಅಂದಿದ್ದಳು. ಮಂಜುನಾಥ್ ಬೈಕು ತಂದ ದಿನದಿಂದ, ಅವನು ಗಾಡಿ ಹತ್ತಿದಾಗೆಲ್ಲ ಅಂದಿದ್ದಳು. ‘ಅತ್ತಿಗೆ ಬೆಳಗಾದ್ರೆ ಶುರು ಹಚ್ಕೊತಾರೆ’ ಎಂದು ಅವನು ಗೇಲಿ ಮಾಡುತ್ತಿದ್ದ. ಆ ಬೆಳಗ್ಗೆ ಅವನು ನಕ್ಕಿದ್ದು ಅದಕ್ಕೇ. ಇಷ್ಟು ವರ್ಷ ಈ ನೆನಪು ಎಲ್ಲಿ ಹೋಗಿತ್ತು? ಮರೆತಿರಲಿಲ್ಲ. ಅದರ ಕಡೆ ತಿರುಗಿ ನೋಡಿರಲಿಲ್ಲ, ಅಷ್ಟೆ.

“ನಿಮ್ಮಪ್ಪನ್ನ ನೋಡೋಕೆ ಬಿಡಲಿಲ್ಲ ನಿನ್ನ” ಎಂದಳು. ಮಾನಸ ಅತ್ತೆಯ ಕೈಯಲ್ಲಿದ್ದ ಹಾಳೆಯಿಂದ ಆ ಹೊತ್ತಿನ ಮಾತ್ರೆ ಬಿಡಿಸಿ, ನೀರಿನ ಲೋಟ ಮುಂದಿಟ್ಟಳು.

ಕರಿಯಪ್ಪನ ತಿಥಿ ಮುಗಿದ ಎರಡನೆಯ ದಿನ, ಸೋಮವಾರ, ಬೆಳಗ್ಗೆ ಮತ್ತೆ ಜೀಪು ಬಂತು. ಹಳ್ಳದ ಬದಿಯ ಹಣ್ಣು ಹಾಗೇ ಉಳಿದಿತ್ತು. ಅಮ್ಮ ಹೇಳದೆ ಒಬ್ಬರೂ ಇಳಿಯುವುದಿಲ್ಲ ಎಂದು ಆಳುಗಳು ಪಟ್ಟು ಹಿಡಿದಿದ್ದರು. ಜಗಲಿಯ ತುದಿಯಲ್ಲಿ ಆಗಲೇ ಮೀನಾಕ್ಷಮ್ಮ ಬಂದು ಕೂತಿದ್ದಳು. ಬರಿಹಣೆ, ಮಡಿಲಲ್ಲಿ ಒಂದು ತೆಂಗಿನಕಾಯಿ.

ನಾಗರತ್ನಮ್ಮ ಹೊರಗೆ ಬಂದವಳು ಮೊದಲು ಅವಳ ಹತ್ತಿರ ಹೋದಳು. “ಏನವ್ವ ಮೀನಾಕ್ಷಿ?”

“ಬಿಂದು ವಾಪಸ್ ಕಾಲೇಜಿಗೆ ಹೋಗ್ತೀನಿ ಅಂತಾಳೆ ಅಮ್ಮಾರೆ. ನಂಗೆ ಭಯ ಆಯ್ತದೆ. ಇರೋಳು ಅವಳೊಬ್ಬಳು. ಕಳಿಸ್ಲಾ, ಇಲ್ಲೇ ಇಟ್ಕೊಳ್ಲಾ? ನೀವು ಹೆಂಗೆ ಹೇಳಿದ್ರೆ ಹಂಗೆ.”

ತನ್ನ ಮಾತು ನಂಬಿ ಗಂಡನನ್ನು ಕಳೆದುಕೊಂಡವಳು ಮಗಳ ಬಾಳನ್ನೂ ತಂದು ಅದೇ ಎದೆಯ ಮುಂದೆ ಇಡುತ್ತಿದ್ದಳು. ನಾಗರತ್ನಮ್ಮ ಕಂಬ ಹಿಡಿದುಕೊಂಡಳು.

“ಅಕ್ಕ, ಮೊದ್ಲು ಇವರಿಗೊಂದು ಮಾತು ಹೇಳ್ಬುಡು, ಹೊತ್ತಾಯ್ತದೆ” ಎಂದ ರಾಜಶೇಖರ.

“ನಂಗೆ ಗೊತ್ತಿಲ್ಲ” ಎಂದಳು ನಾಗರತ್ನಮ್ಮ.

“ಅಂದ್ರೆ ಇವತ್ತು ಬ್ಯಾಡ ಅಂತಾನಾ?”

“ಬ್ಯಾಡ ಅಂತಾನೂ ಅಲ್ಲ, ಹೋಗಿ ಅಂತಾನೂ ಅಲ್ಲ. ಆನೆ ಎಲ್ಲೈತೆ ಅಂತ ನಂಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರ್ಲಿಲ್ಲ.” ಅವಳು ಜೀಪಿನ ಕಡೆ ತಿರುಗಿದಳು. “ನಂಗೆ ಥೈರಾಯ್ಡ್ ಕಾಯಿಲೆ ಐತೆ. ಅದಕ್ಕೇ ಎದೆ ಹೊಡ್ಕೊತಿತ್ತು. ಆವತ್ತು ಮಾತ್ರೆ ನುಂಗಿದ್ದೆ, ಎದೆ ಸುಮ್ನಿತ್ತು. ಅದನ್ನೇ ನಂಬ್ಕೊಂಡು ಕರಿಯಪ್ಪನ್ನ ಕಳಿಸ್ದೆ.”

ತೋಟಪ್ಪ ಮುಂದೆ ಬಂದ. “ನಾಗು, ಒಳಗೆ ನಡಿ. ಮೈ ಸರಿಯಿಲ್ಲ ಇವಳಿಗೆ, ಏನೇನೋ ಮಾತಾಡ್ತಾವಳೆ.”

“ಈಗ ಸರಿಯಾಗೈತೆ, ಅದಕ್ಕೇ ಮಾತಾಡ್ತಾ ಇರೋದು. ಮಂಜು ಗಾಡಿ ಹತ್ತಿದಾಗೆಲ್ಲ ಬ್ಯಾಡ ಅಂತಿದ್ದೆ ಕಣ್ರೀ. ನಿಮಗೂ ಗೊತ್ತು. ನೂರು ದಿನ ಅವನು ಸುಖವಾಗಿ ಮನೆಗೆ ಬಂದ. ಆ ನೂರು ದಿನ ನಾವಿಬ್ರೂ ಮರೆತ್ವಿ, ಒಂದು ದಿನ ಹಿಡ್ಕೊಂಡ್ವಿ.”

ತಮ್ಮನ ಸಾವಿಗೆ ತೋಟಪ್ಪ ಕಟ್ಟಿಕೊಂಡಿದ್ದ ಅರ್ಥವೊಂದು ಅಂಗಳದಲ್ಲಿ ಎಲ್ಲರೆದುರು ಕುಸಿಯಿತು. ಅವನು ಜಗಲಿಯ ಮೇಲೆ ಕೂತು ತಲೆ ಬಗ್ಗಿಸಿದ.

ರಾಜಶೇಖರ ಜೀಪಿನ ಕಡೆ ಕೈಬೀಸಿದ. “ಹತ್ರೋ ಹತ್ರಿ. ಕಲೀಮುಲ್ಲಾ, ಗಾಡಿ ತೆಗಿ.”

ಕಲೀಮುಲ್ಲಾ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. “ಇಲಾಖೆಯವರು ದಾರಿ ಖಾಲಿ ಐತೆ ಅನ್ನೋ ತನಕ ನಮ್ಮ ಜೀಪು ಹಳ್ಳದ ಕಡೆ ಬರಲ್ಲ ಸಾವ್ಕಾರ್ರೇ. ಬೇರೆ ಗಾಡಿ ನೋಡ್ಕೊಳಿ” ಎಂದ. ಹಿಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಇಳಿದು ಅಂಗಳದಲ್ಲಿ ಕೂತಳು. ಅವಳ ಹಿಂದೆಯೇ ಇನ್ನಿಬ್ಬರು ಇಳಿದರು. ಆಮೇಲೆ ಎಲ್ಲರೂ.

ಮೀನಾಕ್ಷಮ್ಮ ಮಾತ್ರ ಕೂತಲ್ಲಿಂದ ಎದ್ದಿದ್ದಳು. ಮಡಿಲಿನ ಕಾಯಿ ಉರುಳಿ ಮೆಟ್ಟಿಲ ಹತ್ತಿರ ಬಿದ್ದಿತ್ತು. “ಅಮ್ಮಾರಿಗೆ ಗೊತ್ತಿತ್ತು, ಆದ್ರೂ ವಿಧಿ ತಪ್ಪಿಸೋಕೆ ಆಗಲಿಲ್ಲ ಅಂತ ಎಲ್ರೂ ಹೇಳಿದ್ರು” ಎಂದಳು. “ಅದನ್ನೇ ನೆನೆಸ್ಕೊಂಡು ಹತ್ತು ದಿನ ಕಳೆದೆ. ಹಂಗಾರೆ ನನ್ನ ಗಂಡ ಯಾಕೆ ಸತ್ತ?”

“ಗೊತ್ತಿಲ್ಲ ಅನ್ನೋ ಮಾತನ್ನ ನಾನು ಆವತ್ತು ಆಡಲಿಲ್ಲ. ಅದಕ್ಕೆ ಸತ್ತ” ಎಂದಳು ನಾಗರತ್ನಮ್ಮ.

ಮೀನಾಕ್ಷಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು. ಕಣ್ಣಲ್ಲಿ ಇಷ್ಟು ದಿನ ಇಲ್ಲದ ಉರಿ ಬಂತು. “ನೀವು ಹೋಗು ಅಂದ್ರಿ ಅಂತ ಹೋದ. ಹೆದರ್ಕೊಂಡೋನು, ನಿಮ್ಮ ಬಾಯಿ ನೋಡ್ಕೊಂಡು ಹೋದ” ಎಂದಳು. ಕೈ ಎತ್ತಿದಳು. ಹೊಡೆಯುತ್ತಾಳೆ ಎಂದೇ ನಾಗರತ್ನಮ್ಮ ಅಂದುಕೊಂಡಳು. ಹಿಂದೆ ಸರಿಯಲಿಲ್ಲ. ಆ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಇಳಿದು, ಸೆರಗು ಎಳೆದು ಬಾಯಿಗೆ ಒತ್ತಿಕೊಂಡಿತು. ಗಂಡ ಸತ್ತ ಮೇಲೆ ಅವಳು ಹಾಗೆ ದನಿಯೆತ್ತಿ ಅತ್ತದ್ದು ಅದೇ ಮೊದಲು. ಮಾನಸ ಹೋಗಿ ಪಕ್ಕದಲ್ಲಿ ನಿಂತಳು.

ಅತ್ತು ಮುಗಿದ ಮೇಲೆ ಮೀನಾಕ್ಷಮ್ಮ ಮುಖ ಒರೆಸಿಕೊಂಡು ಅಂಗಳ ದಾಟಿದಳು. ಗೇಟಿನ ಹತ್ತಿರ ಹೋದವಳು ನಿಂತು, ತಿರುಗಿ, ಎಲ್ಲರಿಗೂ ಕೇಳುವಂತೆ ಅಂದಳು:

“ಬಿಂದುನ ನಾಳೆ ಬೆಳಗ್ಗೆ ಬಸ್ಸಿಗೆ ಹಾಸನಕ್ಕೆ ಕಳಿಸ್ತೀನಿ. ನಿಮ್ಮನ್ನ ಕೇಳ್ತಾ ಇಲ್ಲ ಅಮ್ಮಾರೆ, ಹೇಳ್ತಾ ಇವ್ನಿ.”